ಓರಗಿತ್ತಿಗಿಂತ ತಿಳಿಯಾದ ನೀರು

ನನ್ನ ಓರಗಿತ್ತಿ ಕೆಟ್ಟವಳಲ್ಲ. ಅದೇ ನನ್ನ ಸಂಕಟ. ಕೆಟ್ಟವಳಾಗಿದ್ದರೆ ಇಪ್ಪತ್ತು ವರ್ಷದಲ್ಲಿ ಒಂದು ದಿನವಾದರೂ ಮನಸಾರೆ ಜಗಳವಾಡಿ ಹಗುರಾಗುತ್ತಿದ್ದೆ. ಮೈದುನನ ಕೈಹಿಡಿದು ಬಂದ ದಿನದಿಂದ ಅತ್ತೆಯ ಬಾಯಲ್ಲಿ ಅವಳದೇ ಜಪ. ಬೆನ್ನು ಬಗ್ಗಿಸಿ ಊರಿಗೆಲ್ಲ ಬಟ್ಟೆ ಹೊಲಿದವಳು ನಾನು, ಹೊಗಳಿಸಿಕೊಂಡವಳು ಅವಳು.

ಮಳೆನೀರಿನ ಕಾಲುವೆ ಮೊದಲು ಅವಳ ಬೀದಿ ದಾಟಿ ಆಮೇಲೆ ನನ್ನ ಬೀದಿಗೆ ಇಳಿಯುತ್ತದೆ. ದಾರಿಯ ಎಣ್ಣೆ, ಹೂಳು, ಕಸವನ್ನೆಲ್ಲ ಹೊತ್ತು ತಂದು, ಜೋರು ಮಳೆಗೆ ನನ್ನ ಹೊಲಿಗೆ ಅಂಗಡಿಯ ಹೊಸ್ತಿಲನ್ನೂ ಹತ್ತುತ್ತದೆ. ಗಿರಾಕಿಗಳ ಬಟ್ಟೆಯನ್ನು ಮೇಜಿನ ಮೇಲೇರಿಸಿ, ಕಾಲು ಎತ್ತಿಕೊಂಡು ಕೂರುವುದು ನನಗೆ ರೂಢಿ. ಹೀಗಿರುವಾಗ ಹೂಳು ತಡೆಯುವ ಗುಂಡಿಯೊಂದನ್ನು ತೋಡಿಸಲು ಪುರಸಭೆ ಒಪ್ಪಿತು. ಒಂದೇ ಗುಂಡಿ, ಅವಳ ಬೀದಿಗೋ ನನ್ನ ಬೀದಿಗೋ, ಒಂದಕ್ಕೆ ಮಾತ್ರ. ಮೊದಲು ಬೀದಿಯವರೇ ಮೂರು ತಿಂಗಳು ನೀರನ್ನು ಅಳೆದು ಬರೆದುಕೊಡಬೇಕು.

ಅಳತೆಗೆ ಮುಂದಾಳು ಯಾರು? ಇನ್ನಾರು, ಅವಳೇ! ನಿಯಮ ತಿಳಿಸುವ ಸಭೆಗೆ ನಾನು ಹೋಗಲಿಲ್ಲ. ಅವಳು ನಿಂತು ಪಾಠ ಹೇಳುವುದು, ನಾನು ಕೂತು ತಲೆಯಾಡಿಸುವುದು ನನ್ನ ಕೈಲಾಗದ ಮಾತು. ನನ್ನ ಬೀದಿಯ ನೀರನ್ನು ನಾನೇ ಅಳೆಯಲೆಂದು ಗಾಜಿನ ಕೊಳವೆಯನ್ನು ಅವಳೇ ಅಂಗಡಿಗೆ ತಂದುಕೊಟ್ಟಳು. ಅದರ ತಳದಲ್ಲಿ ಕಪ್ಪು ಗುರುತು. ಎಷ್ಟು ಸೆಂಟಿಮೀಟರ್ ನೀರು ತುಂಬಿದರೂ ಗುರುತು ಕಾಣುತ್ತದೋ, ನೀರು ಅಷ್ಟು ತಿಳಿ. ಅವಳ ಬೀದಿಯ ಪಟ್ಟಿಯಲ್ಲಿ ನಲವತ್ತು. ನನ್ನ ಕೊಳವೆಯಲ್ಲಿ ಒಂಬತ್ತು.

ಒಂಬತ್ತು! ಹೊಟ್ಟೆಗೆ ಬೆಂಕಿ ಬಿತ್ತು. ಚರಂಡಿ ನೀರಲ್ಲೂ ಅವಳೇ ಮೇಲೆ? ಹೆಚ್ಚು ಅಂಕ ತೆಗೆದವರಿಗೇ ತಾನೆ ಬಹುಮಾನ, ಗುಂಡಿಯೂ ಹಾಗೇ ಎಂದುಕೊಂಡೆ. ಬೆಳಿಗ್ಗೆ ಬಕೆಟ್ಟಿಗೆ ನೀರು ತುಂಬಿಟ್ಟು, ಹೂಳೆಲ್ಲ ತಳ ಸೇರಿದ ಮೇಲೆ, ಸಂಜೆ ಮೇಲಿನ ನೀರನ್ನಷ್ಟೇ ಅಳೆದೆ. ಐವತ್ತೆರಡು. ಮೂರು ತಿಂಗಳೂ ಹಾಗೆಯೇ ಬರೆದೆ, ಪ್ರತಿ ಸಲವೂ ಅವಳಿಗಿಂತ ಮೇಲೆ. ಆಹಾ, ಆ ಮೂರು ತಿಂಗಳು ಉಂಡ ಅನ್ನ ಮೈಗೆ ಹತ್ತಿತು.

ತೀರ್ಮಾನದ ದಿನ ಅವಳು ಸಪ್ಪೆ ಮುಖ ಹಾಕಿಕೊಂಡು ಅಂಗಡಿಗೆ ಬಂದಳು.

"ಗುಂಡಿ ನಮ್ಮ ಬೀದಿಗೆ ಬಂತು ಅಕ್ಕ. ನೀರು ಎಲ್ಲಿ ಹೆಚ್ಚು ಕೊಳಕೋ ಅಲ್ಲಿಗೇ ಅಲ್ವಾ ಕೊಡೋದು. ಆ ಪುರಸಭೆ ಇಂಜಿನಿಯರು ನಿಮ್ಮ ಲೆಕ್ಕ ನಂಬಲೇ ಇಲ್ಲ, ಮತ್ತೆ ಅಳೀಬೇಕು ಅಂದ್ರು. ನಾನು ಬಿಡ್ತೀನಾ? ನಮ್ಮಕ್ಕ ಒಂದು ತೋಳನ್ನೂ ತಪ್ಪಾಗಿ ಕತ್ತರಿಸಿದೋರಲ್ಲ, ಅವರ ಅಳತೆ ಮೇಲೆ ಅನುಮಾನಾನಾ ಅಂತ ಜಗಳಾನೇ ಆಡ್ಬಿಟ್ಟೆ."

ಕತ್ತರಿ ಕೆಳಗಿಟ್ಟೆ. ಮಾಡಿದ್ದುಣ್ಣೋ ಮಹಾರಾಯ!

"ಸುಳ್ಳು ಕಣೇ ಅದು," ಎಂದೆ. "ಹೂಳು ಇಳಿಸಿ ಅಳೆದೆ. ನಿನಗಿಂತ ಹೆಚ್ಚು ಬರಲಿ ಅಂತ."

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಅವಳು ಮೇಜಿನ ಮೇಲಿದ್ದ ಕಾಗದ, ಪೆನ್ನು ಎಳೆದುಕೊಂಡಳು.

"ಅಳೆಯೋದು ಹೇಗೆ ಅಂತ ನಾನೇ ಸರಿಯಾಗಿ ಹೇಳಿಕೊಡಲಿಲ್ಲ ಅಂತ ಬರೀತೀನಿ. ನಿಮ್ಮ ಮಾನ ಯಾಕೆ ಹೋಗ್ಬೇಕು? ಗುಂಡಿ ನಿಮ್ಮ ಬೀದಿಗೇ ಬರಲಿ."

ಅದೊಂದು ಬಾಕಿ ಇತ್ತು ನೋಡಿ! ತನ್ನ ಗುಂಡಿಯನ್ನೂ ಬಿಟ್ಟುಕೊಟ್ಟು, ನನ್ನ ತಪ್ಪನ್ನೂ ಹೊತ್ತು, ನನ್ನ ಕಣ್ಣೆದುರೇ ಇನ್ನೂ ಒಂದು ಮೆಟ್ಟಿಲು ಮೇಲೇರಲು ಹೊರಟಿದ್ದಳು ಮಹಾತಾಯಿ. ಪೆನ್ನು ಕಿತ್ತುಕೊಂಡೆ.

"ಬೇಡಮ್ಮ, ನಿನ್ನ ಒಳ್ಳೇತನ ನೀನೇ ಇಟ್ಕೋ!"

ಸುಳ್ಳು ಅಳತೆ ನನ್ನದೇ, ಬೇಕೆಂದೇ ಬರೆದದ್ದು ಎಂದು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿದೆ. ಜೀವನದಲ್ಲಿ ನಾನು ಅಷ್ಟು ಪ್ರಾಮಾಣಿಕವಾದ ಕೆಲಸ ಮಾಡಿದ್ದು ಅದೊಂದೇ ಸಲ. ಅದನ್ನೂ ಮಾಡಿದ್ದು ಹೊಟ್ಟೆಕಿಚ್ಚಿಗೆ.