ಅಕ್ಕೋರ ಪತ್ತೆಮಾರಿ

ಕಾರವಾರದ ಹೆದ್ದಾರಿ ಬದಿಯ ಹೊಸ ಹೋಟೆಲಿನ ಅಂಗಳದಲ್ಲಿ ಹಳೆಯ ಮರದ ದೋಣಿಯೊಂದನ್ನು ತಂದು ನಿಲ್ಲಿಸಿದ್ದಾರೆ. ಮೊನ್ನೆ ಹೋದಾಗ ಅದಕ್ಕೆ ಮೀನೆಣ್ಣೆ ಬಳಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಂಕೋಲೆಯ ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಅಕ್ಕೋರು ನೆನಪಾದರು.

ಅವರು ಅಂಕೋಲೆ ಪಕ್ಕದ ಕೇಣಿಯ ಮೀನುಗಾರರ ಮನೆಯ ಹೆಣ್ಣುಮಗಳು. ಪಾಠಕ್ಕೆ ಮೊದಲು ಕರಿಹಲಗೆಯ ಮೂಲೆಯಲ್ಲಿ ಒಂದು ಅಪರೂಪದ ಶಬ್ದ ಬರೆದು, ಅದು ಎಲ್ಲಿ ಹುಟ್ಟಿತೆಂದು ಹೇಳುವುದು ಅವರ ಪದ್ಧತಿ. ಒಂದು ದಿನ ‘ಪ್ಯಾಟಮಾರ್’ ಎಂದು ಬರೆದರು. ಹಾಯಿ ಕಟ್ಟಿ ಮುಂಬೈಗೆ ಹೆಂಚು, ಉಪ್ಪು ಒಯ್ಯುತ್ತಿದ್ದ ನಮ್ಮದೇ ಪತ್ತೆಮಾರಿ. ಮೊದಲು ಅದು ದೋಣಿಯ ಹೆಸರೇ ಅಲ್ಲವಂತೆ, ಕರಾವಳಿಯುದ್ದಕ್ಕೂ ಓಲೆ ಹೊತ್ತು ಓಡುವ ಆಳಿನ ಹೆಸರಂತೆ. ಆಳಿನಿಂದ ಓಲೆ ಒಯ್ಯುವ ದೋಣಿಗೆ, ದೋಣಿಯಿಂದ ಪರದೇಶಿ ವ್ಯಾಪಾರಿಗಳ ಬಾಯಿಗೆ, ಅಲ್ಲಿಂದ ಇಂಗ್ಲಿಷ್ ನಿಘಂಟಿಗೆ...

ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು. ಅವರ ಅಪ್ಪ ಹೋದದ್ದು ಪತ್ತೆಮಾರಿಯಲ್ಲೇ. ಮರಳಿ ಬರಲಿಲ್ಲ. ಅಂದಿನಿಂದ ತಾಯಿ ಆ ಹೆಸರನ್ನು ಮನೆಯಲ್ಲಿ ಎತ್ತಗೊಡಲಿಲ್ಲವಂತೆ.

“ನಿಘಂಟಿನಲ್ಲಿ ಸಿಕ್ಕಿದ ಮೇಲೇ ನಾನು ಅದನ್ನ ಬಾಯಿಬಿಟ್ಟು ಹೇಳಿದ್ದು,” ಎಂದರು.

ನನ್ನ ಪಕ್ಕ ಕೂರುತ್ತಿದ್ದವನ ಅಪ್ಪ ಶಾಲೆಯ ಕಮಿಟಿಯಲ್ಲಿದ್ದ. ಮಗ ಮನೆಗೆ ಹೋಗಿ ಇದನ್ನೆಲ್ಲ ಹೇಳಿದ. ಪರೀಕ್ಷೆಗೆ ಬಾರದ ದೋಣಿ ಪುರಾಣ ಕೇಳಲು ಮಗನನ್ನು ಕಳಿಸಿಲ್ಲ ಎಂದು ಅಪ್ಪ ಬಂದು ರಂಪ ಮಾಡಿದ. ಮೀನು ಮಾರುವವರ ಮಗಳಿಗೆ ಇಂಗ್ಲಿಷಿನ ಉಸಾಬರಿ ಯಾಕೆ ಎಂದೂ ಅಂದನಂತೆ. ಅಕ್ಕೋರಿಂದ ಇಂಗ್ಲಿಷ್ ಕಿತ್ತುಕೊಂಡು ಹೊಲಿಗೆ ಕ್ಲಾಸು ಕೊಟ್ಟರು. ನಿವೃತ್ತಿಯವರೆಗೂ ಅವರು ಗುಂಡಿ ಹಚ್ಚುವುದನ್ನೇ ಕಲಿಸಿದರು. ಊರಿನ ದೊಡ್ಡವರು ಒಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ಹೋದ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು...

ಕಾರವಾರದ ಈ ಹೋಟೆಲು ನನ್ನ ಪಕ್ಕ ಕೂರುತ್ತಿದ್ದ ಅದೇ ಸಹಪಾಠಿಯದು. ಕೈಹಿಡಿದು ಗೇಟಿನವರೆಗೆ ಕರೆದೊಯ್ದು ಬೋರ್ಡು ತೋರಿಸಿದ. ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ‘ಪ್ಯಾಟಮಾರ್’.

“ಹೆಸ್ರು ಹ್ಯಾಂಗದೆ ಮಾರಾಯ? ಮುಂಬೈಯ ಜಾಹೀರಾತಿನವ್ರು ಹುಡುಕಿ ಕೊಟ್ಟದ್ದು. ಹಳೇ ಇಂಗ್ಲಿಷ್ ಶಬ್ದ ಅಂತೆ.”

ಅಕ್ಕೋರು ಕರಿಹಲಗೆಯ ಮೇಲೆ ಬರೆದದ್ದು ನೆನಪಿಲ್ಲವೇ ಎಂದು ಕೇಳಿದೆ.

“ಯಾವ ಅಕ್ಕೋರು?” ಎಂದು ತಲೆ ಕೆರೆದುಕೊಂಡ. ಆಮೇಲೆ ಮುಖ ಅರಳಿತು. “ಓ, ನಮ್ಮ ಹೊಲಿಗೆ ಅಕ್ಕೋರಾ?”

ಅವನು ಗೇಟಿಗೇ ತರಿಸಿದ ಚಹಾ ಮುಟ್ಟದೆ ನಾನು ಹೊರಟು ಬಂದೆ.