ಕುಡಿಕೆಯ ಏಳನೇ ಬಿಳಿ ಬೀಜ

ಮೊನ್ನೆಯವರೆಗೂ ಹುಣಿಸೆಹಣ್ಣು ಬಿಡಿಸಲು ಕೂತರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಹುಳಿಗಲ್ಲ, ಬೀಜಕ್ಕೆ. ನಗಬೇಡಿ, ಕೇಳಿ.

ಹುಣಸೂರಿನ ಮಿಡ್ಲ್ ಸ್ಕೂಲಿಗೆ ಹೋಗುವ ಮೊಮ್ಮಗಳು ಪಕ್ಕದಲ್ಲಿ ಕೂತು ಲೆಕ್ಕ ಓದಿಕೊಳ್ಳುತ್ತಿದ್ದಳು. ಆಟದಲ್ಲಿ ಒಂದು ತಂಡಕ್ಕೆ ಆರು ಅಂಕ ಬಂದವಂತೆ, ಮೂರು ತಪ್ಪಿಗೆ ಮೂರು ಹೋದವಂತೆ, ಆಮೇಲೆ ಒಂದು ತಪ್ಪನ್ನು ರದ್ದು ಮಾಡಿದರಂತೆ. ಉಳಿದದ್ದೆಷ್ಟು? ನನ್ನ ಕೈ ಅಲ್ಲೇ ನಿಂತಿತು. ಆ ಲೆಕ್ಕವನ್ನು ಐವತ್ತು ವರ್ಷದಿಂದ ಹೊತ್ತುಕೊಂಡು ತಿರುಗಿದವಳು ನಾನು.

ಆಗ ನನಗೆ ಹತ್ತು ವರ್ಷ. ನಮ್ಮೂರಿಗೂ ಕಂಪಲಾಪುರಕ್ಕೂ ಚಡುಗುಡು ಪಂದ್ಯ, ಈಗ ಕಬಡ್ಡಿ ಅನ್ನುತ್ತಾರಲ್ಲ, ಅದು. ಸೋತ ಕಡೆಯ ಮುಂದಾಳು ಕೆರೆ ಏರಿಯ ಮೇಲೇ ಮೀಸೆ ಬೋಳಿಸಿಕೊಳ್ಳಬೇಕು ಎಂಬುದು ಕಟ್ಟಳೆ. ನಮ್ಮ ಮುಂದಾಳು ನನ್ನ ಅಣ್ಣ. ಎಂಟು ದಿನಕ್ಕೆ ಅವನ ಮದುವೆ, ಹೆಣ್ಣು ಹಂಪಾಪುರದ್ದು. ನಮ್ಮಲ್ಲಿ ಮೀಸೆ ತೆಗೆಯುವುದು ಅಪ್ಪ ಸತ್ತಾಗ. ಅಪ್ಪ ಗಟ್ಟಿಮುಟ್ಟಾಗಿ ಚಪ್ಪರ ಹಾಕುತ್ತಿರುವಾಗ ಮಗ ಬೋಳುಮೂತಿಯಲ್ಲಿ ಹಸೆಗೆ ಕೂತರೆ ಬೀಗರು ಎದ್ದು ಹೋಗುತ್ತಾರೆಂದು ಅವ್ವ ಬೆಳಗಿನಿಂದ ಹಿಟ್ಟು ಮುಟ್ಟಿರಲಿಲ್ಲ.

ಅಂಕ ಇಡುವ ಕೆಲಸ ನನ್ನದು. ಎಣಿಸುವ ಹುಣಿಸೆ ಬೀಜ ನಮ್ಮ ಮನೆಯವು, ಅಷ್ಟೇ ಕಾರಣ. ತಂಡಕ್ಕೊಂದು ಕುಡಿಕೆ. ಎದುರಾಳಿಯನ್ನು ಔಟು ಮಾಡಿದರೆ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ಬೀಜ ಒಂದು. ತಪ್ಪು ಮಾಡಿದರೆ ಉಜ್ಜದ ಕರಿ ಬೀಜ ಒಂದು. ಕೊನೆಗೆ ಒಂದೊಂದು ಕರಿಗೆ ಒಂದೊಂದು ಬಿಳಿ ಜೋಡಿಸಿ ಎಸೆಯುವುದು. ಉಳಿದ ಬಿಳಿಯೇ ಅಂಕ.

ಕೊನೆಯ ಹೊತ್ತಿಗೆ ನಮಗೆ ಆರು ಬಿಳಿ, ಮೂರು ಕರಿ. ಅವರಿಗೆ ಐದು ಬಿಳಿ, ಎರಡು ಕರಿ. ಸಮ. ಆಗ ತೀರ್ಪು ಹೇಳುತ್ತಿದ್ದ ಮೇಷ್ಟ್ರು, "ಆಗ್ಲೇ ಉಸ್ರು ಬುಟ್ಟ ಅಂದದ್ದು ನನ್ ತಪ್ಪು, ನಿಮ್ ಹುಡ್ಗ ಬುಟ್ಟಿರ್ನಿಲ್ಲ. ನಿಮ್ಮ ಕುಡಿಕೇಲಿ ಒಂದ್ ಕರಿ ತಗಿಯವ್ವ" ಎಂದರು.

"ಬೇಗ ತಗಿಯೇ, ಏನ್ ಅಂಗೆ ಕಣ್ ಬುಟ್ಕೊಂಡ್ ಕುಂತಿದ್ದೀಯ!" ಅಣ್ಣ ಗದರಿದ.

ಗಾಬರಿಯಲ್ಲಿ ಕರಿ ತೆಗೆಯುವುದು ಬಿಟ್ಟು ಬಿಳಿ ಒಂದನ್ನು ಹಾಕಿಬಿಟ್ಟೆ. ಎಣಿಸಿದರು. ನಮಗೆ ನಾಲ್ಕು, ಅವರಿಗೆ ಮೂರು.

ಕಂಪಲಾಪುರದ ಮುಂದಾಳು ಏರಿಯ ಮೇಲೆ ಕ್ಷೌರಕ್ಕೆ ಕೂತ. ಕತ್ತಿ ಮೀಸೆಗೆ ತಾಗಿದಾಗ ನಾನು ಬೀಜಗಳನ್ನೆಲ್ಲ ಲಂಗದ ಮಡಿಲಿಗೆ ಬಾಚಿಕೊಂಡೆ. ಹೇಳಿದರೆ ಅಣ್ಣನ ಮೀಸೆ ಹೋಗುತ್ತದೆ. ಹೇಳಲಿಲ್ಲ.

ಆರು ವರ್ಷದ ಮೇಲೆ ನನ್ನನ್ನು ಕಂಪಲಾಪುರದ ಅದೇ ಮುಂದಾಳಿಗೆ ಕೊಟ್ಟರು. ಅವರು ಮೀಸೆ ತೀಡಿದಾಗಲೆಲ್ಲ ನಾನು ಅಡುಗೆಮನೆಗೆ ನುಸುಳುವುದು. "ನಿಮ್ಮ ಕುಡಿಕೇಲಿ ಆರ್ ಬಿಳಿ ಇದ್ವು, ಸುರಿದಾಗ ಏಳು. ಏನೋ ಮೋಸ ಆಗದೆ ಕಣೇ. ನೀನೇ ಕುಂತಿದ್ದಲ್ಲ, ನೋಡ್ನಿಲ್ವಾ?" ಎಂದು ಅವರು ಕೇಳುವುದು, ನಾನು ಒಲೆ ಊದುತ್ತ ಕಿವುಡಿಯಾಗುವುದು. ನಮ್ಮ ಸಂಸಾರ ನಡೆದದ್ದು ಹೀಗೆ.

ಮೊನ್ನೆ ಮೊಮ್ಮಗಳನ್ನು ಕೇಳಿಯೇಬಿಟ್ಟೆ: "ತಪ್ಪು ತಗಿಯೋ ಬದ್ಲು ಅಂಕಾನೇ ಒಂದ್ ಜಾಸ್ತಿ ಕೊಟ್ರೆ ಏನಾಯ್ತದೆ?"

"ಎರಡೂ ಒಂದೇ ಕಣಜ್ಜಿ. ಆರ್ರಲ್ಲಿ ಎರಡು ಹೋದ್ರೂ ನಾಕು, ಏಳ್ರಲ್ಲಿ ಮೂರು ಹೋದ್ರೂ ನಾಕು. ಅಷ್ಟೂ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಎರಡನೇ ಕ್ಲಾಸಿಗೆ ಶಾಲೆ ಬಿಡಿಸಿದರೆ ಎಲ್ಲಿಂದ ಗೊತ್ತಾಗಬೇಕು? ಬೀಜ ಜೋಡಿಸಿ ನೋಡಿದೆ, ಎರಡು ಸಲ. ನಾಲ್ಕೇ.

ಜಗಲಿಗೆ ಹೋಗಿ ಯಜಮಾನರ ಮುಂದೆ ಬೀಜ ಹರಡಿ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಮೀಸೆಗೆ ಹೋಗುತ್ತಿದ್ದ ಕೈ ಅರ್ಧಕ್ಕೇ ನಿಂತಿತು.

"ಅಂಗಾದ್ರೆ ನಾವು ನಿಜ್ವಾಗ್ಲೂ ಸೋತಿದ್ವಾ?"

"ಊಂ ಕಣ್ರೀ" ಎಂದೆ.

ಒಳಗೆ ಬಂದು ಮತ್ತೆ ಹುಣಿಸೆಹಣ್ಣಿನ ಮುಂದೆ ಕೂತೆ. ಹೊಟ್ಟೆ ತಣ್ಣಗಿತ್ತು. ಜಗಲಿಯಲ್ಲಿ ಬೀಜ ಎಣಿಸುವ ಸದ್ದು ಮಾತ್ರ ನಿಲ್ಲಲಿಲ್ಲ.