ಮುಯ್ಯಿಗೆ ಬಂದ ಆಫೀಸು

ಕೊರೋನಾ ಕಳೆದ ಮರುವರ್ಷ. ತಾಳವಾಡಿಯಲ್ಲಿದ್ದ ವಿಶ್ವವಿದ್ಯಾಲಯದ ಶಾಖಾ ಕೇಂದ್ರದಲ್ಲಿ ನಾನು ತರಬೇತಿ ಸಂಯೋಜಕಿಯಾಗಿದ್ದೆ. ಗುತ್ತಿಗೆ ಕೆಲಸ. ಈಗ ಮನೆವಾರ್ತೆಯೇ ನನ್ನ ಉದ್ಯೋಗ. ಆದರೂ ಬೆಳಿಗ್ಗೆ ದೀಪ ಹಚ್ಚಿ ಮಾದಪ್ಪ ದೇವರು ಕೊಟ್ಟದ್ದನ್ನು ಒಂದೊಂದಾಗಿ ನೆನೆಯುವಾಗ ಆ ವರ್ಷ ತಪ್ಪದೆ ನೆನಪಿಗೆ ಬರುತ್ತದೆ.

ನನಗೆ ಒಪ್ಪಿಸಿದ್ದು ‘ಪ್ರೋಸೆಸ್ ಇಂಪ್ರೂವ್‌ಮೆಂಟ್’ ತರಬೇತಿ. ಒಂದು ಕೆಲಸ ಎಲ್ಲೆಲ್ಲಿ ಸುಮ್ಮನೆ ನಿಂತು ಕಾಯುತ್ತದೆ ಎಂದು ಸಿಬ್ಬಂದಿಯೇ ಕಂಡುಹಿಡಿದು ಸರಿಮಾಡುವುದು, ಅಷ್ಟೇ. ನಮ್ಮಲ್ಲಿ ಹೆಚ್ಚು ಕಾಯುತ್ತಿದ್ದದ್ದು ಸರ್ಟಿಫಿಕೇಟು. ತಾಳಮಲೆ ಕಡೆಯ ಮಕ್ಕಳು ಆನೆ ದಾರಿ ದಾಟಿ ಬಂದು, ‘ನಾಳೆ ಬಾ’ ಅನ್ನಿಸಿಕೊಂಡು ಹೋಗುತ್ತಿದ್ದರು. ಸಿಬ್ಬಂದಿ ಇದನ್ನು ಸರಿಪಡಿಸದಿದ್ದರೆ ಸರ್ಟಿಫಿಕೇಟ್ ವಿಭಾಗವನ್ನೇ ಬೆಟ್ಟದ ಕೆಳಗಿನ ಸತ್ಯಮಂಗಲಕ್ಕೆ ಒಯ್ಯುವುದಾಗಿ ಮೇಲಿನವರು ತಿಳಿಸಿದ್ದರು. ಹಾಗಾದರೆ ಆ ಮಕ್ಕಳು ಒಂದು ಸಹಿಗೆ ಘಾಟಿ ಇಳಿಯಬೇಕು.

ಮೊದಲ ತರಬೇತಿಗೆ ಎಲ್ಲರೂ ಬಂದರು, ಬೋಂಡ ತಿಂದರು, ಹೋದರು. ನಿಮ್ಮ ಮೇಜಿನ ತೊಂದರೆಯನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ ಎಂದರೆ ಒಬ್ಬರೂ ಬರೆಯಲಿಲ್ಲ. ಸೂಪರಿಂಟೆಂಡೆಂಟ್ ಶಿವಮಲ್ಲಪ್ಪನವರು ಹೊಲಮನೆ ಇದ್ದ ಹಿರಿಯರು. “ಏನವ್ವಾ, ನಮ್ಮನೆ ಕಸವ ನಾವೇ ಬೀದೀಲಿ ನೇತಾಕ್ಬೇಕಾ?” ಎಂದರು. ಎಲ್ಲರೂ ನಕ್ಕರು. ಎರಡನೇ ತರಬೇತಿಗೆ ಬಂದವರು ಅಟೆಂಡರ್ ಪುಟ್ಟಮಾದಮ್ಮ ಒಬ್ಬರೇ. ಅದೂ ಬಾಗಿಲು ತೆಗೆಯುವುದಕ್ಕೆ.

ಆ ವಾರದ ರಜೆಯಲ್ಲಿ ನಮ್ಮ ರಾಗಿ ಕೊಯ್ಲು. ಮುಯ್ಯಾಳು ಪದ್ಧತಿ ನಮ್ಮಲ್ಲಿ ಇನ್ನೂ ಉಳಿದಿದೆ. ಇವತ್ತು ನೀವು ನಮ್ಮ ಹೊಲಕ್ಕೆ, ನಾಳೆ ನಾವು ನಿಮ್ಮ ಹೊಲಕ್ಕೆ, ಕೂಲಿಯಿಲ್ಲ. ಬಂದ ಮುಯ್ಯಿಯನ್ನು ತೀರಿಸದೆ ಯಾರೂ ಸುಮ್ಮನಿರುವುದಿಲ್ಲ. ಕೊಯ್ದ ರಾಗಿಯನ್ನು ಸಿವುಡು ಕಟ್ಟುತ್ತಿದ್ದಾಗಲೇ ದೇವರು ನನಗೆ ದಾರಿ ತೋರಿದ.

ಸೋಮವಾರ ತರಬೇತಿಯ ಮಾತೇ ಎತ್ತಲಿಲ್ಲ. ದಿನಕ್ಕೊಬ್ಬರ ಮೇಜಿಗೆ ಎಲ್ಲರೂ ಮುಯ್ಯಿ ಹೋಗೋಣ, ಅವರು ಹೇಳಿದ್ದನ್ನು ಮಾಡಿಕೊಡೋಣ ಎಂದೆ. ಮೊದಲು ಶಿವಮಲ್ಲಪ್ಪನವರ ಮೇಜು. ಬಾಕಿ ಅರ್ಜಿಗಳನ್ನು ಕೂಡಿ ವಿಂಗಡಿಸುತ್ತಿದ್ದಾಗ ಅವರೇ ಪೆನ್ನು ಕೆಳಗಿಟ್ಟು, “ಈ ಎರಡ್ನೇ ಸಹಿ ಯಾಕ್ ಆಕ್ತೀನೋ ನಂಗೇ ಗೊತ್ತಿಲ್ಲ ಕಣವ್ವಾ” ಎಂದರು. ಅದು ಅಂದೇ ನಿಂತಿತು. ಮರುದಿನ ಫೀಜು ಕೌಂಟರು, ಅದರ ಮರುದಿನ ಲೈಬ್ರರಿ. ತೊಂದರೆಗಳು ತಾವಾಗಿ ಬಾಯಿಗೆ ಬಂದವು.

ಉಳಿದದ್ದು ಪುಟ್ಟಮಾದಮ್ಮನ ರೆಕಾರ್ಡ್ ರೂಮು. ಹಳೇ ಫೈಲು ಅಲ್ಲಿಂದ ಬಂದರೆ ಮಾತ್ರ ಸರ್ಟಿಫಿಕೇಟು ಹೊರಡುವುದು. ಅಲ್ಲೋ, ಫೈಲಿನ ಕಟ್ಟುಗಳು ಸೂರಿನವರೆಗೆ ರಾಶಿಬಿದ್ದಿದ್ದವು. ಆದರೆ ಅಟೆಂಡರ್ ಒಬ್ಬರ ಕೆಲಸಕ್ಕೆ ಮುಯ್ಯಿ ಹೋಗಲು ಒಬ್ಬರೂ ಕುರ್ಚಿ ಬಿಟ್ಟು ಏಳಲಿಲ್ಲ.

ಪುಟ್ಟಮಾದಮ್ಮನೇ ನಗುತ್ತ ಹೇಳಿದರು: “ಬುಡಿ ಮೇಡಮ್ಮೋರೇ. ನಮ್ಮಟ್ಟಿಯೋರು ನಿಮ್ಮೋರ ಒಲಕ್ಕೆ ಕೂಲಿಗ್ ಬಂದವ್ರೆ. ನಮಗ್ ಮುಯ್ಯಿ ಬಂದೋರು ಯಾರವ್ರೆ?”

ಎಲ್ಲರೂ ಶಿವಮಲ್ಲಪ್ಪನವರ ಮುಖ ನೋಡಿದರು. ನಾನು ಮನಸ್ಸಿನಲ್ಲೇ ಮಾದಪ್ಪನಿಗೆ ಕೈಮುಗಿದೆ. ಶಿವಮಲ್ಲಪ್ಪನವರು ಕನ್ನಡಕ ತೆಗೆದು ಜೇಬಿಗಿಟ್ಟು, ಅಂಗಿಯ ತೋಳು ಮಡಚಿದರು.

“ನನ್ ಮೇಜ್ಗೆ ನೀ ಬಂದಿದ್ದೆ ತಾನೇ? ಯೋಳು, ಯಾವ್ ಕಟ್ಟು ಎಲ್ಲಿಗೆ?”

ಪುಟ್ಟಮಾದಮ್ಮ ಸೂರಿನತ್ತ ಕೈತೋರಿ, “ಮೊದ್ಲು ಮ್ಯಾಲಿನ್ದ ಇಳ್ಸಿ ಸಾರ್. ಬಗ್ಗಿ, ತಲೆಗೆ ತೊಲೆ ಒಡ್ದಾತು” ಎಂದರು.

ಸಂಜೆಗೆ ನಾವೆಲ್ಲ ದೂಳಿನ ಗೊಂಬೆಗಳು. ಫೈಲುಗಳು ವರ್ಷವಾರು ಸಾಲಾಗಿ ನಿಂತಿದ್ದವು. ಕೆಲಸ ಮುಗಿಯುವವರೆಗೆ ಕರೆಂಟು ಹೋಗದ್ದೂ ಒಂದು ಕೃಪೆ.

ಮುಂದಿನ ವಾರ ತಾಳಮಲೆಯ ಹುಡುಗಿಯೊಬ್ಬಳು ಬೆಳಗಿನ ಬಸ್ಸಿಗೆ ಬಂದು, ಮಧ್ಯಾಹ್ನದ ಬಸ್ಸಿಗೆ ಸರ್ಟಿಫಿಕೇಟ್ ಹಿಡಿದು ಹೋದಳು. ಮೇಲಿನವರು ಬಂದು ನೋಡಿದರು. ವಿಭಾಗ ತಾಳವಾಡಿಯಲ್ಲೇ ಉಳಿಯಿತು. ಮುಂದಿನ ಪ್ರಾಜೆಕ್ಟಿಗೆ ಹೆಸರು ಕೊಡಲು ನಾನು ಯಾರನ್ನೂ ಬೇಡಿಕೊಳ್ಳಬೇಕಾಗಲಿಲ್ಲ.

ಕಲಿಯಲು ಬನ್ನಿ ಎಂದರೆ ಜನ ತಮ್ಮಲ್ಲೇನೋ ಕೊರತೆ ಕಂಡರೆಂದು ಹಿಂಜರಿಯುತ್ತಾರೆ. ಕೈಜೋಡಿಸಿ ಎಂದರೆ ಬರುತ್ತಾರೆ. ಇಷ್ಟನ್ನು ನಾನು ಕೊಯ್ಲಿನ ಹೊಲದಲ್ಲೇ ಊಹಿಸಿದ್ದೆ. ಆ ಕೆಲಸ ನನಗೆ ಕಲಿಸಿದ್ದು ಅದರಾಚೆಯದು: ಕೊಟ್ಟ ಕೈಗೆಲ್ಲ ತಿರುಗಿ ಸಲ್ಲಬೇಕು. ಒಬ್ಬರ ಬಾಗಿಲಿಗೆ ಹೋಗದೆ ಬಿಟ್ಟರೂ ಅದು ಮುಯ್ಯಿಯಲ್ಲ, ಬಿಟ್ಟಿ ಚಾಕರಿ.